ಅಣ್ಣಮ್ಮನ ಹೆಸರಿನ ಕಕ್ಕಸು

"ಕಕ್ಕಸು ಇದೆ, ಮನೆ ಇಲ್ಲ ಅಂತೀಯಲ್ಲ. ಯಾರಿಗೆ ಟೋಪಿ ಹಾಕ್ತೀಯಾ, ಮುದುಕಿ?"

ಪಂಚಾಯ್ತಿ ಆಫೀಸಿನ ಪಿಡಿಒ ಅಭಿಷೇಕ್ ಕಂಪ್ಯೂಟರನ್ನು ನಮ್ಮ ಕಡೆ ತಿರುಗಿಸಿದ. ಅದರಲ್ಲಿ ನನ್ನ ಅತ್ತೆ ಅಣ್ಣಮ್ಮ, ಎಂಟು ವರ್ಷದ ಹಿಂದೆ, ಸರ್ಕಾರ ಕಟ್ಟಿಸಿಕೊಟ್ಟ ಕಕ್ಕಸಿನ ಬಾಗಿಲಲ್ಲಿ ನಗುತ್ತಾ ನಿಂತಿದ್ದಳು.

"ಅದು ಎಸ್ಟೇಟ್ ಲೈನಿಂದು ಸಾರ್. ಲೈನ್ ಮನೆ ಎಲ್ಲ ಕೆಡವಿ ಹಾಕಿದ್ರು" ಎಂದಳು ಅತ್ತೆ.

"ಮನೆ ಇದ್ದೋರಿಗೆ ಮಾತ್ರ ಕಕ್ಕಸು ಕೊಡೋದು. ನಿಂಗೆ ಕೊಟ್ಟಿದೀವಿ. ಅಂದ್ರೆ ನಿಂಗೆ ಮನೆ ಇದೆ. ಮನೆ ಇದ್ದೋರಿಗೆ ಸೈಟ್ ಇಲ್ಲ."

ನನಗೆ ಮೈಯೆಲ್ಲ ಉರಿದುಹೋಯಿತು. "ಬಣಕಲ್ ದಾಟಿದ ಮೇಲೆ ರೋಡ್ ಪಕ್ಕ ಟಾರ್ಪಾಲ್ ಕೆಳಗೆ ಬಿದ್ದಿದೀವಿ. ಬಂದು ನೋಡಿ ಸಾರ್!"

"ಲೈನ್ ಕೆಡವಿದ್ದು ನಿಜ ಅಂತ ಓನರ್ ಹತ್ರ ಬರೆಸ್ಕೊಂಡು ಬಾ. ಸಂಜೆ ಐದಕ್ಕೆ ಸೈಟ್ ಪಟ್ಟಿ ಕ್ಲೋಸ್."

ಪಾತ್ರೆ, ಅಕ್ಕಿಯ ಗಂಟನ್ನು ತಲೆಗೇರಿಸಿಕೊಂಡು ಎಸ್ಟೇಟಿಗೆ ಹೊರಟೆವು. ಎಲ್ಲಿ ಹೋದರೂ ಅದನ್ನು ಹೊತ್ತೇ ತಿರುಗುತ್ತೇವೆ. ಬಾಗಿಲೇ ಇಲ್ಲದ ಕಡೆ ಏನನ್ನು ಬಿಟ್ಟು ಬರೋಣ?

ಅತ್ತೆ ಆ ತೋಟದಲ್ಲಿ ನಲವತ್ತೊಂದು ವರ್ಷ ಕಾಫಿ ಕುಯ್ದವಳು. ಅರವತ್ತು ತುಂಬಿದ ದಿನ ಹಾರ ಹಾಕಿ, ಶಾಲು ಹೊದಿಸಿ, ಫೋಟೋ ತೆಗೆದರು. ಹಾರ ಬಾಡುವ ಮೊದಲೇ ಬೀಗದ ಕೈ ಕಿತ್ತುಕೊಂಡರು. ಕೂಲಿಯವರ ಏಳು ಮನೆಗಳಿದ್ದ ಲೈನು ಈಗ ಹೋಂಸ್ಟೇಗೆ ಬರುವ ಕಾರು ನಿಲ್ಲಿಸುವ ಜಾಗ. ಕಕ್ಕಸೊಂದು ಮಾತ್ರ ಉಳಿದಿದೆ. ಸರ್ಕಾರದ್ದೆಂದು ಜೆಸಿಬಿಯವನು ಮುಟ್ಟಲು ಹೆದರಿದನಂತೆ. ನಾವಿದ್ದ ಮನೆ ಮುಟ್ಟಲು ಅವನಿಗೆ ಯಾವ ಹೆದರಿಕೆಯೂ ಇರಲಿಲ್ಲ.

ಧಣಿ ರೇಣುಕಪ್ರಸಾದ್ ಅಂಗಳದಲ್ಲೇ ನಿಂತಿದ್ದರು.

"ಒಂದ್ ಚೀಟಿ ಬರ್ಕೊಡಿ ಸಾವ್ಕಾರ್ರೇ. ನಾವು ಇಲ್ಲಿದ್ವಿ, ಈಗ ಇಲ್ಲ ಅಂತ. ಅಷ್ಟೇ ಸಾಕು" ಎಂದಳು ಅತ್ತೆ.

"ಲೈನಾ? ಇಲ್ಲಿ ಲೈನ್ ಯಾವಾಗಿತ್ತು?" ಅವರು ನಕ್ಕರು. "ಇವತ್ತು ಬರ್ಕೊಟ್ರೆ ನಾಳೆ ಅದನ್ನೇ ಹಿಡ್ಕೊಂಡು ಕೋರ್ಟಿಗೆ ಹೋಗ್ತೀರಿ. ನಿಮ್ ಜಾತಿ ಬುದ್ಧಿ ನಂಗೊತ್ತಿಲ್ವಾ? ಗೆಸ್ಟ್ ಬರೋ ಹೊತ್ತಾಯ್ತು, ನಡೀರಿ ಆಚೆ!"

ಅತ್ತೆ ನಡೆದಳು. ಗೇಟಿನ ಕಡೆಗಲ್ಲ, ಕಕ್ಕಸಿನ ಕಡೆಗೆ. ಗೋಡೆಯ ಮೇಲೆ ನೀಲಿ ಬಣ್ಣದಲ್ಲಿ 'ಫಲಾನುಭವಿ: ಅಣ್ಣಮ್ಮ' ಎಂದು ಇನ್ನೂ ಹಾಗೇ ಇತ್ತು. ಅದರ ಬಾಗಿಲ ಮುಂದೆ ಮೂರು ಕಲ್ಲು ಹೂಡಿದಳು.

"ಯಶೋದಾ, ಗಂಟು ಬಿಚ್ಚೇ. ಅಕ್ಕಿ ತೆಗಿ."

"ಇಲ್ಲೇನಾ ಅತ್ತೆ?"

"ಹ್ಞೂಂ ಕಣೇ. ಸರ್ಕಾರ ನಂಗೆ ಮನೆ ಇದೆ ಅನ್ನುತ್ತಲ್ಲ, ಇದೇ ನನ್ ಮನೆ."

ಕಲ್ಲುಗಳ ನಡುವೆ ಪುಳ್ಳೆ ಹೊತ್ತಿಕೊಂಡಿತು. ಧಣಿ ಓಡಿ ಬಂದರು.

"ಏಯ್ ಬೋಳಿಮುಂಡೇ! ಏಳ್ತೀಯೋ, ಒದೀಲೋ? ಪೊಲೀಸ್ ಕರೀತೀನಿ!"

"ಕರೀರಿ. ಆ ಪಿಡಿಒನ್ನೂ ಕರೀರಿ. ಇದು ಯಾರ್ದು ಅಂತ ಗೋಡೆ ಮೇಲೆ ಬರ್ದಿದೆ, ಓದಕ್ಕೆ ಬರುತ್ತಲ್ಲ ನಿಮ್ಗೆ?"

ನಲವತ್ತೊಂದು ವರ್ಷದಲ್ಲಿ ಅವಳು ಅವರಿಗೆ ಎದುರು ಮಾತಾಡಿದ್ದು ಅದೇ ಮೊದಲು. ನನಗೆ ಭಯವಾಯಿತು, ಅದಕ್ಕಿಂತ ಹೆಚ್ಚು ಖುಷಿಯಾಯಿತು.

ಅಷ್ಟರಲ್ಲಿ ಒಂದು ಕಾರು ಬಂದು ನಿಂತಿತು. ಇಳಿದವನೊಬ್ಬ ಫೋಟೋ ತೆಗೆಯಲು ಮೊಬೈಲ್ ಎತ್ತಿದ. ಧಣಿ ಬೇಡ ಬೇಡವೆಂದು ಕೈಯಾಡಿಸಿದರು. ಅತ್ತೆ ಸೆರಗು ಸರಿಮಾಡಿಕೊಂಡು, ಅಂದಿನ ಹಾಗೆಯೇ ಕಕ್ಕಸಿನ ಬಾಗಿಲಲ್ಲಿ ನಿಂತಳು. ಈ ಸಲ ನಗಲಿಲ್ಲ.

"ತೆಗಿ ಮಾರಾಯ. ಹೆಸರು ಕಾಣೋ ಹಂಗೆ ತೆಗಿ. ಹಿಂದೆ ಮನೆ ಇಲ್ದಿರೋದೂ ಕಾಣ್ಲಿ."

ನಾನು ಒಲೆ ಊದಿದೆ. ಅನ್ನ ಕುದಿಯತೊಡಗಿತು.