ಡೋರ್ಕಸಳ ಗಾಡಿಯ ಅಂಚುಗಳು

ಡೋರ್ಕಸ್ ಪಿಲ್ಲಿಂಗ್ ನಮ್ಮ ಪಕ್ಕದ ಮನೆಯವಳು. ಮೂವತ್ತೆರಡು ವರ್ಷ ಶಾಲೆಯ ಅಡುಗೆಮನೆಯಲ್ಲಿ ದುಡಿದು, ಈ ಲ್ಯಾಂಕಾಶೈರ್ ಕಣಿವೆಯ ಅರ್ಧದಷ್ಟು ಮಕ್ಕಳಿಗೆ ಆಲೂಗಡ್ಡೆ ಬೇಯಿಸಿ ಹಾಕಿದ ಕೈ ಅವಳದು. ಕೆಲಸದಿಂದ ನಿವೃತ್ತಳಾದ ವಾರವೇ ಹಿತ್ತಲಿನ ಶೆಡ್ಡಿನಲ್ಲಿದ್ದ ಹಳೆಯ ಸಾಮಾನನ್ನೆಲ್ಲ ಹೊರಗೆಸೆದು, ಒಂದು ಲಾರಿಯಲ್ಲಿ ಕಬ್ಬಿಣದ ಕೊಳವೆಗಳ ಚೌಕಟ್ಟನ್ನೂ ಹದಿನೇಳು ಪೆಟ್ಟಿಗೆಗಳನ್ನೂ ತರಿಸಿದಳು. ಬಿಡಿಬಿಡಿಯಾಗಿ ಬಂದು ಮನೆಯಲ್ಲೇ ಜೋಡಿಸಿಕೊಳ್ಳುವ ಕಾರು ಅದು. ಇಬ್ಬರು ಕೂರಬಹುದು. ಬಾಗಿಲಿಲ್ಲ, ತಲೆಯ ಮೇಲೆ ಮಾಡೂ ಇಲ್ಲ. ಎಂಜಿನ್ನು ಯಾರದೋ ಮನೆಯ, ಗುಜರಿಗೆ ಹೋಗಬೇಕಿದ್ದ ಹಳೆಯ ಕಾರಿನದು.

ಆರು ವರ್ಷ ಹಿಡಿಯಿತು. ಪ್ರಾರ್ಥನಾ ಮಂದಿರದಲ್ಲಿ ಹಾರ್ಮೋನಿಯಂ ನುಡಿಸುವವಳು ನಾನು, ಪಕ್ಕದಲ್ಲಿ ನಿಂತು ಪುಟ ತಿರುವಿ ಕೊಡುವವಳು ಅವಳು; ಭಾನುವಾರ ಹಾಡಿನ ಪುಸ್ತಕ ತೆರೆದರೆ ಅವಳ ಬೆರಳಿನ ಗ್ರೀಸು ನನ್ನ ಪುಟಗಳ ಮೇಲೆ ಕಾಣುತ್ತಿತ್ತು. ದೇವರು ಅದನ್ನು ಕೊಳೆಯೆಂದು ಎಣಿಸಲಾರ ಎಂದು ನನಗೆ ಅನ್ನಿಸುತ್ತಿತ್ತು. ಕೈಯಲ್ಲಿ ಮಾಡಿದ ಕೆಲಸವೂ ಒಂದು ಬಗೆಯ ಮೊರೆಯೇ ಅಲ್ಲವೆ?

ಇಂಥ ಕಾರು ರಸ್ತೆಗಿಳಿಯಬೇಕಾದರೆ ಸರ್ಕಾರದ ಪರೀಕ್ಷೆ ಪಾಸಾಗಬೇಕು. ಪಾಸಾದರೆ ನಂಬರು, ಇಲ್ಲವಾದರೆ ಅದು ಶೆಡ್ಡಿನಲ್ಲಿ ನಿಂತ ಕಬ್ಬಿಣ. ಶರತ್ಕಾಲದಲ್ಲಿ ಡೋರ್ಕಸ್ ಮೊದಲ ಸಲ ಹೋದಳು, ಫೇಲಾಗಿ ಬಂದಳು. ಬ್ರೇಕು ಸರಿ, ದೀಪ ಸರಿ, ಹೊಗೆ ಸರಿ. ತಪ್ಪಿದ್ದು ಅಂಚುಗಳಲ್ಲಿ. ದಾರಿಹೋಕನ ಮೈಗೆ ತಾಗಬಹುದಾದ ಕಡೆಯೆಲ್ಲ ಲೋಹದ ಅಂಚು ದುಂಡಗಿರಬೇಕು ಎಂಬುದು ನಿಯಮ. ಇವಳೋ, ಕಾರು ಹಗುರವಾಗಲಿ ಎಂದು ಸಿಕ್ಕ ಸಿಕ್ಕ ಪಟ್ಟಿಗೆಲ್ಲ ಡ್ರಿಲ್ಲಿನಲ್ಲಿ ತೂತು ಕೊರೆದಿದ್ದಳು. ಇಂಥ ಕಾರು ಕಟ್ಟುವವರಿಗೆಲ್ಲ ಇರುವ ಚಪಲ ಅದು. ಅರವತ್ತೆಂಟು ತೂತು. ಒಂದೊಂದು ತೂತಿಗೂ ಒಂದೊಂದು ಹರಿತವಾದ ಬಾಯಿ.

"ಅಷ್ಟೆಲ್ಲ ಕೊರೆದು ಎಷ್ಟು ತೂಕ ಇಳೀತೇ?" ಎಂದು ಕೇಳಿದೆ.

"ಒಂದು ಬನ್ನಿನಷ್ಟು," ಎಂದಳು. "ಬೆಣ್ಣೆ ಹಚ್ಚದ ಬನ್ನು."

ಆ ಸಂಜೆಯೇ ನೆವಿಲ್ ಕ್ಲೆಗ್ ಬಂದ. ಮನೆಯಲ್ಲಿ ಕಾರು ಕಟ್ಟುವವರ ಸಂಘಕ್ಕೆ ಅಧ್ಯಕ್ಷ ಅವನು. ಒಳ್ಳೆಯ ಮನುಷ್ಯ, ಬಾಯಿ ಮಾತ್ರ ಜೋರು. ಕಂಕುಳಲ್ಲಿ ಒಂದು ಬಿಸ್ಕತ್ತಿನ ಡಬ್ಬ. ಅದರ ತುಂಬ ಕಪ್ಪು ರಬ್ಬರ್ ಪಟ್ಟಿಗಳು, ನಟ್ಟಿನ ಮೇಲೆ ಕೂರಿಸುವ ಪ್ಲಾಸ್ಟಿಕ್ ಟೋಪಿಗಳು. ಸಂಘದಲ್ಲಿ ನಡೆದುಬಂದ ಪದ್ಧತಿ ಅದು: ಪರೀಕ್ಷೆಯ ದಿನ ಅಂಚಿಗೆಲ್ಲ ರಬ್ಬರ್ ಅಂಟಿಸುವುದು, ಪಾಸಾಗುವುದು, ಮನೆಗೆ ಬಂದು ಕಿತ್ತು ಡಬ್ಬಕ್ಕೆ ಹಾಕಿ ಮುಂದಿನವರಿಗೆ ದಾಟಿಸುವುದು.

"ಇಪ್ಪತ್ತಮೂರು ಕಾರು ಪಾಸು ಮಾಡಿಸಿದ ಡಬ್ಬ ಇದು, ತಾಯಿ," ಎಂದ ನೆವಿಲ್. "ನಿಂದು ಇಪ್ಪತ್ನಾಲ್ಕು."

"ಬೇಡ."

"ಬೇಡ ಅಂದ್ರೆ?"

"ಆ ಪರೀಕ್ಷಕ ನೋಡೋದು ಒಂದು ಗಾಡಿ, ನಾನು ಓಡ್ಸೋದು ಇನ್ನೊಂದಾ? ನಾಳೆ ಯಾವ್ದೋ ಮಗು ಸೈಕಲ್ ತಂದು ಗುದ್ದಿದ್ರೆ, ಅದರ ಕೈಗೆ ತಾಗೋದು ನಿನ್ನ ಡಬ್ಬದ ರಬ್ಬರ್ ಅಲ್ಲ, ನನ್ನ ತಗಡು."

"ಅಯ್ಯೋ, ಎಲ್ರೂ ಮಾಡೋದೇ ಇದು!"

"ಎಲ್ರೂ ಮಾಡ್ಲಿ. ನನ್ನ ಗಾಡಿಗೆ ನಾನು ವೇಷ ಹಾಕಲ್ಲ."

"ಇದು ಅಡುಗೆಮನೆ ಅಲ್ಲ ಡೋರ್ಕಸ್."

ಅವಳು ಎದ್ದು ಒಳಗೆ ಹೋದಳು. ಜಗಳ ಮುಗಿಯಿತು ಅಂದುಕೊಂಡೆ. ಕೇಕು ಬೇಯಿಸುವ ಹಳೆಯ ತಗಡಿನ ತಟ್ಟೆಯೊಂದನ್ನು ತಂದು ನೆವಿಲನ ತೊಡೆಯ ಮೇಲಿಟ್ಟಳು.

"ಇದರ ಅಂಚು ಸವರಿ ನೋಡು. ಕುಯ್ಯುತ್ತಾ?"

"ಇಲ್ಲ."

"ಯಾಕಿಲ್ಲ? ಒಳಗೆ ತಂತಿ ಇಟ್ಟು ತಗಡನ್ನ ಅದರ ಸುತ್ತ ಮಡಚಿದಾರೆ. ಮೂವತ್ತೆರಡು ವರ್ಷ ಇದನ್ನೇ ಎತ್ತಿದೀನಿ, ಒಂದು ಸಲ ಬೆರಳು ಕುಯ್ಕೊಂಡಿಲ್ಲ. ಅಡುಗೆಮನೆ ಅಂತೆ, ಅಡುಗೆಮನೆ! ಟೀ ಕುಡಿ, ಹೊರಡು."

ಆ ಚಳಿಗಾಲವೆಲ್ಲ ಶೆಡ್ಡಿನಿಂದ ಮರದ ಸುತ್ತಿಗೆಯ ಸದ್ದು ಬರುತ್ತಿತ್ತು. ತೂತು ಕೊರೆದ ತಗಡುಗಳನ್ನೆಲ್ಲ ಬಿಸುಟು ಹೊಸದಾಗಿ ಕತ್ತರಿಸಿದಳು. ಪ್ರತಿ ಅಂಚಿಗೂ ತಂತಿಯಿಟ್ಟು ಮಡಚಿದಳು. ದಪ್ಪ ಕಬ್ಬಿಣದ ಪಟ್ಟಿಗಳನ್ನು ಅರದಿಂದ ಉಜ್ಜಿ ದುಂಡಗೆ ಮಾಡಿದಳು. ಗಾಡಿ ಹಗುರವಾಗುವ ಬದಲು ಎರಡು ಕಿಲೋ ಭಾರವಾಯಿತು. ಸಂಘದವರು ದಾರಿಯಲ್ಲಿ ಸಿಕ್ಕಾಗ ಕಿಚಾಯಿಸುತ್ತಿದ್ದರು: "ಏನಮ್ಮ, ಕೇಕ್ ಬೆಂತಾ?" ಅವಳದು ಒಂದೇ ಉತ್ತರ: "ಬೇಯ್ತಾ ಇದೆ. ನಿಮಗಿಲ್ಲ."

ಆರು ತಿಂಗಳೊಳಗೆ ಮರುಪರೀಕ್ಷೆ ಆಗಬೇಕು. ತಪ್ಪಿದರೆ ಎಲ್ಲವೂ ಮೊದಲಿನಿಂದ. ಗಡುವಿಗೆ ಎರಡೇ ದಿನ ಮುಂಚಿನ ಒಂದು ಬೆಳಿಗ್ಗೆಗೆ ಸರದಿ ಸಿಕ್ಕಿತು. ಆ ಬೆಳಿಗ್ಗೆ ಬೆಟ್ಟದ ಮೇಲೆ ಮಂಜು ಎಷ್ಟಿತ್ತೆಂದರೆ ಕುರಿಗಳೂ ಬೇಲಿ ಹಿಡಿದು ನಡೆಯುತ್ತಿದ್ದವು. ನೆವಿಲ್ ತನ್ನ ಟ್ರೇಲರ್ ತಂದು, ಗಾಡಿಯನ್ನು ಅದರ ಮೇಲೇರಿಸಿ ಕರೆದೊಯ್ಯುತ್ತೇನೆಂದ. ಅವಳು ಒಪ್ಪಿದಳು. ನಾನೂ ಜೊತೆಗೆ ಹೋದೆ. ಪರೀಕ್ಷಾ ಕೇಂದ್ರದಲ್ಲಿ ನಾವಿಬ್ಬರೂ ಕಾಗದಪತ್ರ ತೋರಿಸಿ, ಚಹಾ ಕುಡಿದು ಬರುವಷ್ಟರಲ್ಲಿ ನೆವಿಲ್ ಗಾಡಿಯನ್ನು ಇಳಿಸಿ ಒಳಗೆ ನಿಲ್ಲಿಸಿದ್ದ.

ಪರೀಕ್ಷಕನ ಹೆಸರು ಹಾರ್ಗ್ರೀವ್ಸ್. ಮಾತು ಕಡಿಮೆ. ದುಂಡು ಅಳೆಯುವ ಸಣ್ಣ ತಗಡನ್ನು ಅಂಚಂಚಿಗೂ ಒತ್ತಿ ನೋಡುತ್ತ, ಕಾಗದದಲ್ಲಿ ಗುರುತು ಹಾಕುತ್ತ ಬಂದ. ನಾವು ಹಳದಿ ಗೆರೆಯಾಚೆ ನಿಂತಿದ್ದೆವು. ನಾನು ಮನಸ್ಸಿನಲ್ಲೇ ದೇವರನ್ನು ನೆನೆಯುತ್ತಿದ್ದೆ. ಪಕ್ಕದಲ್ಲಿದ್ದ ಡೋರ್ಕಸ್ ಒಮ್ಮೆಗೇ ಕತ್ತು ಮುಂದೆ ಚಾಚಿದಳು. ದೀಪ ಹಿಡಿದ ಪಟ್ಟಿಯ ಮೇಲೆ ತಾನು ಹಾಕದ ಕಪ್ಪು ಗೆರೆಯೊಂದು ಅವಳ ಕಣ್ಣಿಗೆ ಬಿದ್ದಿತ್ತು.

ಹಳದಿ ಗೆರೆ ದಾಟಿಯೇ ಬಿಟ್ಟಳು.

"ನಿಲ್ಲಿಸಿ ಸ್ವಾಮಿ."

"ಗೆರೆ ಆಚೆ ನಿಲ್ಬೇಕಮ್ಮ."

ಅವಳು ಆಗಲೇ ಬಗ್ಗಿ ರಬ್ಬರನ್ನು ಕೀಳುತ್ತಿದ್ದಳು. ಒಂದು, ಎರಡು, ಮೂರು... ನಾವು ಚಹಾ ಕುಡಿಯುವಷ್ಟರಲ್ಲಿ ಒಂಬತ್ತು ಕಡೆ ಅಂಟಿಸಿಯಾಗಿತ್ತು. ನೆವಿಲನ ಮುಖ ಬೀಟ್‌ರೂಟಿನಂತಾಗಿತ್ತು.

"ಆರು ವರ್ಷದ ದುಡಿಮೆ ಕಣೇ," ಎಂದ, ದನಿ ತಗ್ಗಿಸಿ. "ಹಾಳಾಗ್ದೆ ಇರ್ಲಿ ಅಂತ..."

"ನನ್ನ ಕೆಲಸ ಮುಚ್ಚಿಡು ಅಂತ ನಾನು ಕೇಳಿದ್ನಾ?"

ಹಾರ್ಗ್ರೀವ್ಸ್ ಕಾಗದ ನೋಡಿದ. "ಅಲ್ಲಮ್ಮ, ಆ ಕಡೇದೆಲ್ಲ ಸರಿ ಅಂತ ಬರೆದಾಯ್ತಲ್ಲ."

"ಹೊಡೆದು ಹಾಕಿ. ಮತ್ತೆ ನೋಡಿ."

"ಫೇಲಾದ್ರೆ?"

"ಫೇಲ್ ಅಂತ ಬರೀರಿ. ಬರೆಯೋ ಪೆನ್ನು ನಿಮ್ಮದು, ಗಾಡಿ ನಂದು. ಎರಡೂ ಸುಳ್ಳು ಹೇಳೋದು ಬೇಡ."

ಆ ಮನುಷ್ಯ ಬರೆದುದರ ಮೇಲೆ ಗೆರೆ ಎಳೆದು, ಮಂಡಿಯೂರಿ ಮೊದಲಿನಿಂದ ಶುರುಮಾಡಿದ. ಎಂಟು ಕಡೆ ಸರಿಯೆಂದು ತಲೆಯಾಡಿಸಿದ. ಒಂಬತ್ತನೆಯದು ಎಡದೀಪದ ಪಟ್ಟಿ. ಅದರ ಅಡಿಭಾಗದಲ್ಲಿ ಅಳತೆತಗಡು ಕೂರಲಿಲ್ಲ. ಮೇಲ್ಭಾಗವನ್ನು ಉಜ್ಜಿದಷ್ಟು ಕೆಳಗೆ ಉಜ್ಜಿರಲಿಲ್ಲ ಅವಳು. ಬೆರಳುದ್ದದಷ್ಟು ಹರಿತ ಉಳಿದಿತ್ತು.

"ಇದು ಆಗಲ್ಲ," ಎಂದ.

ನೆವಿಲ್ ಕಣ್ಣು ಮುಚ್ಚಿಕೊಂಡ. ಡೋರ್ಕಸ್ ತಾನೇ ಬಗ್ಗಿ ಬೆರಳಿನಿಂದ ಸವರಿ ನೋಡಿದಳು. "ನಿಜ. ಆಗಲ್ಲ," ಎಂದಳು. ಅಳಲಿಲ್ಲ, ಬೇಡಲೂ ಇಲ್ಲ. "ನಿಮ್ಮ ಊಟದ ಹೊತ್ತು ಎಷ್ಟು?"

"ಮುಕ್ಕಾಲು ಗಂಟೆ. ಹೊರಗಡೆ ಅಂಗಳದಲ್ಲಿ ಮಾಡ್ಕೋಬಹುದು. ಬಂದ ತಕ್ಷಣ ನೋಡ್ತೀನಿ. ಆಮೇಲೆ ಬೇರೆಯವರ ಸರದಿ."

ಗಾಡಿಯನ್ನು ಮೂವರೂ ಹೊರಗೆ ತಳ್ಳಿದೆವು. ಅವಳು ಕೋಟು ಹಾಸಿ ಒದ್ದೆ ಸಿಮೆಂಟಿನ ಮೇಲೆ ಅಂಗಾತ ಮಲಗಿ, ತಲೆಯ ಮೇಲೆ ಕೈಯೆತ್ತಿ ಅರ ಆಡಿಸಿದಳು. ಕಬ್ಬಿಣದ ಪುಡಿ ಅವಳ ಹುಬ್ಬಿನ ಮೇಲೆ ಉದುರುತ್ತಿತ್ತು. ಗೆಣ್ಣು ತರಚಿ ರಕ್ತ ಬಂತು, ಕೈ ನಿಲ್ಲಲಿಲ್ಲ. ನೆವಿಲ್ ಟಾರ್ಚು ಹಿಡಿದು ಬಗ್ಗಿದ.

"ನನ್ನ ಕಣ್ಣಿಗಲ್ಲ ಮಾರಾಯ, ಪಟ್ಟಿಗೆ ಹಿಡಿ."

"ಕೋಪ ಹೋಯ್ತಾ?"

"ಇಲ್ಲ. ಟಾರ್ಚ್ ಹಿಡಿ."

ನಾನು ಪಕ್ಕದಲ್ಲಿ ನಿಂತು ಮೊರೆಯಿಡಲು ಹೊರಟೆ. ಆದರೆ ಪಾಸು ಮಾಡಿಸಪ್ಪಾ ಎಂದು ಕೇಳಲು ಬಾಯಿ ಬರಲಿಲ್ಲ. ಸುಮ್ಮನೆ ಇದ್ದದ್ದನ್ನು ಇದ್ದಹಾಗೆ ತೋರಿಸುವವಳ ಬಳಿ ನಿಂತಿರುವುದೇ ಆಗ ನನಗೆ ಸಾಕೆನಿಸಿತು.

ಹಾರ್ಗ್ರೀವ್ಸ್ ಬಾಯಿ ಒರೆಸಿಕೊಳ್ಳುತ್ತ ಬಂದ. ಅಳತೆತಗಡನ್ನು ಒತ್ತಿದ. ಇನ್ನೊಂದು ಕಡೆಯಿಂದ ಒತ್ತಿದ. ಕೊನೆಗೆ ಅದನ್ನು ಜೇಬಿಗೆ ಹಾಕಿ, ಬರಿಯ ಹೆಬ್ಬೆರಳನ್ನು ಅಂಚಿನುದ್ದಕ್ಕೂ ಎಳೆದ.

"ಕೂತ್ಕೊಳ್ತು," ಎಂದ. ಕಾಗದಕ್ಕೆ ಸಹಿ ಹಾಕಿ ಕೊಟ್ಟ. ಹೋಗುತ್ತ ಒಮ್ಮೆ ತಿರುಗಿ, "ಈ ಮಡಚಿದ ಅಂಚು ಯಾರು ಕಲಿಸಿದ್ದಮ್ಮ?" ಎಂದು ಕೇಳಿದ.

"ಹೊಟ್ಟೆ ಹಸಿದ ಮಕ್ಕಳು," ಎಂದಳು ಅವಳು.

ನೆವಿಲ್ ಟ್ರೇಲರಿನ ಹಲಗೆ ಇಳಿಸತೊಡಗಿದ. ನಂಬರು ಇನ್ನೂ ಸಿಗದಿದ್ದರೂ ಪರೀಕ್ಷೆಯಿಂದ ಮನೆಗೆ ಓಡಿಸಿಕೊಂಡು ಹೋಗಲು ಕಾನೂನಿನ ಅಡ್ಡಿಯಿಲ್ಲ. ಅದು ಅವನಿಗೂ ಗೊತ್ತು. "ಬೆಟ್ಟದ ಮೇಲೆ ಮೋಡ ಕಟ್ಟಿದೆ ಕಣಮ್ಮ, ಗಾಡಿಗೆ ಮಾಡು ಬೇರೆ ಇಲ್ಲ," ಎಂದ.

"ಹಲಗೆ ಎತ್ತಿಡು," ಎಂದು ಅವನಿಗೆ ಹೇಳಿ ನನ್ನ ಕಡೆ ತಿರುಗಿದಳು. "ಹತ್ತೇ ಹಿಲ್ಡಾ."

ನಾನು ಸ್ಕರ್ಟು ಒತ್ತಿ ಹಿಡಿದು, ಬಾಗಿಲಿಲ್ಲದ ಆ ಗಾಡಿಯ ಪಕ್ಕದ ತಗಡು ದಾಟಿ ಕುಳಿತೆ. ನೆಲ ಅಂಗೈ ಇಳಿಬಿಟ್ಟರೆ ತಾಗುವಷ್ಟು ಹತ್ತಿರ. ಎಂಜಿನ್ನು ನನ್ನ ಬೆನ್ನುಮೂಳೆಯಲ್ಲೇ ಗುಡುಗಿದಂತಾಯಿತು. ಬೆಟ್ಟದ ನೆತ್ತಿ ಹತ್ತುವಷ್ಟರಲ್ಲಿ ಮಳೆ ಹಿಡಿಯಿತು.

"ಎಲ್ಲಾದ್ರೂ ಮರೆಗೆ ನಿಲ್ಲಿಸೇ!" ಎಂದು ಕೂಗಿದೆ.

"ನಿಂತ್ರೆ ನೆನೀತೀವಿ!" ಎಂದು ಅವಳೂ ಕೂಗಿದಳು. "ಓಡ್ತಾ ಇದ್ರೆ ಮಳೆ ತಲೆ ಮೇಲಿಂದ ಹಾರಿ ಹೋಗುತ್ತೆ!"

ಹಾಗೆಂದು ಕಾಲನ್ನು ಇನ್ನಷ್ಟು ಒತ್ತಿದಳು.