ಹಾಲು ಕಾಣದ ಲೇತ್

ನಾನು ಒಂದು ಲೇತ್ ಯಂತ್ರ. ಬೆಳಗಾವಿಯ ಫೌಂಡ್ರಿಯೊಂದರಲ್ಲಿ ಕಾದ ಕಬ್ಬಿಣ ಸುರಿದು ನನ್ನ ಮೈ ಎರಕ ಹೊಯ್ದರು. ಪಂಪಿನ ಶಾಫ್ಟ್ ಕಡೆಯುತ್ತಿದ್ದೆ. ನನ್ನನ್ನು ನಡೆಸುತ್ತಿದ್ದವನು ದುಂಡಪ್ಪ. ದಿನಾ ನನ್ನ ತಲೆ ತಟ್ಟಿಯೇ ಕೆಲಸ ಶುರು ಮಾಡುತ್ತಿದ್ದ.

ದಲ್ಲಾಳಿಯೊಬ್ಬ ನನ್ನನ್ನು ಕೊಂಡು ಹಡಗು ಹತ್ತಿಸಿದ. ದುಂಡಪ್ಪನನ್ನೂ ವೆಲ್ಡರ್ ಗುರುಪಾದನನ್ನೂ ಜೊತೆಗೇ ಕರೆತಂದ. ಇಳಿದದ್ದು ಮರಳುಗಾಡಿನ ದೇಶ, ಬಂದೂಕಿನವರು ಕಾಯುವ ಕಾರ್ಖಾನೆ.

ಅಲ್ಲಿ ಉದ್ದನೆಯ, ತೆಳ್ಳನೆಯ ಕೊಳವೆಗಳ ಕೆಲಸ. ಯಾತಕ್ಕೆಂದು ದುಂಡಪ್ಪ ಕೇಳಿದರೆ, "ಗಿರಗಿರ ತಿರುಗಿಸಿ ಬೇರೆ ಮಾಡೋಕೆ" ಎಂದ ಅಧಿಕಾರಿ, ಅರೆಬರೆ ಹಿಂದಿಯಲ್ಲಿ. ನಮ್ಮಲ್ಲಿ ಲೇತಿನ ಕೆಲಸವೂ ಕಡೆಯುವುದೇ, ಬೆಣ್ಣೆ ತೆಗೆಯುವುದೂ ಕಡೆಯುವುದೇ. ಇದು ಡೈರಿಯ ಯಂತ್ರವೆಂದೇ ದುಂಡಪ್ಪ ನಂಬಿಬಿಟ್ಟ.

"ಲೇ ದುಂಡ್ಯಾ, ಈ ಉಸುಕಿನ್ಯಾಗ ಇಷ್ಟ ಹಾಲು ಕೊಡೂ ಎಮ್ಮಿ ಎಲ್ಲಿ ಅದಾವೋ?" ಎಂದು ಗುರುಪಾದ ಕಾಡುತ್ತಿದ್ದ.

"ಒಂಟಿ ಹಾಲು ಇಲ್ಲೇನಲೇ? ಸುಮ್ನ ವೆಲ್ಡಿಂಗ್ ಮಾಡ್."

ಒಂದು ಮಧ್ಯಾಹ್ನ ಪಕ್ಕದ ದೇಶದ ವಿಮಾನಗಳು ಬಂದವು. ಸೂರು ಸೀಳಿ ಬಿತ್ತು. ಗುರುಪಾದನ ಸೊಂಟದ ಮೇಲೆ ತೊಲೆ ಕೂತಿತು. ಅವನ ರಕ್ತ ನನ್ನ ಕಾಲಿನ ತನಕ ಹರಿಯಿತು. "ಹಾಲಿಗೆ ಯಾರರ ಬಾಂಬ್ ಹಾಕ್ತಾರೇನೋ, ದುಂಡ್ಯಾ?" ಎಂದ. ಅದೇ ಅವನ ಕೊನೆಯ ಮಾತು.

ಅಣುಬಾಂಬಿಗೆ ಬೇಕಾದ ಯುರೇನಿಯಂ ಕಡೆಯುವ ಕೊಳವೆಗಳು ಅವು. ಆ ರಾತ್ರಿ ಕಾವಲಿನವನೊಬ್ಬ ಬಾಯಿಬಿಟ್ಟಾಗಲೇ ದುಂಡಪ್ಪನಿಗೆ ತಿಳಿದದ್ದು.

ಈ ಬೆಂಕಿ ತಮ್ಮ ಮನೆಗೂ ಹತ್ತೀತೆಂದು ಹೆದರಿ, ಒಬ್ಬರ ಮುಖ ಒಬ್ಬರು ನೋಡದ ಮೂರು ದೊಡ್ಡ ದೇಶಗಳು ಒಟ್ಟಿಗೆ ತನಿಖೆಗೆ ಹೊರಟವು. ಅವರು ಬರುವ ಹಿಂದಿನ ದಿನ ಅಧಿಕಾರಿ ದುಂಡಪ್ಪನ ಬಲಗೈಯನ್ನು ನನ್ನ ಚಕ್‌ಗೆ, ಕಬ್ಬಿಣ ಕಚ್ಚಿ ತಿರುಗುವ ಹಲ್ಲುಗಳಿಗೆ, ಒತ್ತಿ ಹಿಡಿದ. "ಪಂಪಿನ ಯಂತ್ರ ಅನ್ನಬೇಕು. ಇಲ್ಲವೆಂದರೆ ನಾಳೆ ಕುತ್ತಿಗೆ" ಎಂದವನೇ ಗುಂಡಿ ಒತ್ತಿದ. ಯಾರು ಒತ್ತಿದರೂ ತಿರುಗುವುದು ನನ್ನ ಹಣೆಬರಹ. ತಿರುಗಿದೆ. ಎರಡು ಬೆರಳು ಹಾರಿಹೋದವು. ನನ್ನನ್ನು ಸಲಹಿದ ಬೆರಳುಗಳು.

ಮರುದಿನ ತನಿಖೆಯವರು ನನ್ನ ಸುತ್ತ ನಿಂತರು. ಅಧಿಕಾರಿಯ ಕೈ ಪಿಸ್ತೂಲಿನ ಮೇಲಿತ್ತು. ದುಂಡಪ್ಪ ಬಟ್ಟೆ ಸುತ್ತಿದ ಕೈ ಎತ್ತಿ ತೋರಿಸಿದ.

"ಪಂಪಿಂದೂ ಅಲ್ರೀ, ಹಾಲಿಂದೂ ಅಲ್ರೀ. ಬಾಂಬಿಂದು. ನಾನಽ ಕಡದೇನಿ."

ದುಭಾಷಿ ಹೇಳಿ ಮುಗಿಸುವುದರೊಳಗೆ ಗುಂಡು ಸಿಡಿಯಿತು. ತನಿಖೆಯವನೊಬ್ಬ ಅಧಿಕಾರಿಯ ತೋಳಿಗೆ ಹಾರಿದ್ದ, ಇನ್ನೊಂದು ದೇಶದವನು ದುಂಡಪ್ಪನನ್ನು ಕೆಳಕ್ಕೆ ಕೆಡವಿದ್ದ. ಗುಂಡು ನನ್ನ ತಲೆಗೆ ಬಡಿಯಿತು.

ಮತ್ತೆ ಬಾಂಬಿನ ಕೆಲಸಕ್ಕೆ ಬಾರದಂತೆ ನನ್ನನ್ನು ಕೊಯ್ಯುವುದು ಯಾರೆಂದು ಮೂರು ದೇಶದವರೂ ಜಗಳಾಡಿದರು, ಒಬ್ಬರನ್ನೊಬ್ಬರು ನಂಬಲೊಲ್ಲರು. ಕಡೆಗೆ ಒಂದೇ ಗ್ಯಾಸ್ ಕಟರ್ ಸರದಿಯ ಮೇಲೆ ಹಿಡಿದರು. ಅದಕ್ಕೂ ಮೊದಲು ದುಂಡಪ್ಪ ನನ್ನ ತಲೆ ತಟ್ಟಿದ, ಎಡಗೈಯಲ್ಲಿ. ಆಮೇಲೆ ಅವರ ಜೀಪು ಹತ್ತಿ ಊರಿನ ದಾರಿ ಹಿಡಿದ.

ಈಗ ಮೂರು ತುಂಡಾಗಿ ಮರಳಿನಲ್ಲಿ ಬಿದ್ದಿದ್ದೇನೆ. ತುಕ್ಕು ಹಿಡಿದಿದೆ. ಗುಂಡಿ ಒತ್ತುವವರಿಲ್ಲ, ಅದೇ ನೆಮ್ಮದಿ. ಮೊನ್ನೆ ಒಂಟೆಯೊಂದು ನನಗೆ ಮೈ ತಿಕ್ಕುತ್ತ ನಿಂತು ಮರಿಗೆ ಹಾಲೂಡಿಸಿತು. ಎರಡು ಹನಿ ನನ್ನ ಮೇಲೆ ಬಿದ್ದವು. ಗುರುಪಾದ ಇದ್ದಿದ್ದರೆ ನಗುತ್ತಿದ್ದ.