ಹಾಡಿಲ್ಲದೆ ಇಳಿದ ಡೋಲಿ

ನಮ್ಮ ಬೆಟ್ಟಗಳಿಗೆ ಆಂಬ್ಯುಲೆನ್ಸ್ ಹತ್ತುವುದಿಲ್ಲ. ಕಾಯಿಲೆಯವರನ್ನು ಬುಟ್ಟಿಯ ಹಾಗೆ ಹೆಣೆದ ಡೋಲಿಯಲ್ಲಿ ಮಲಗಿಸಿ, ಊರಿನ ಗಂಡಸರೇ ಸರದಿಯ ಮೇಲೆ ಆಸ್ಪತ್ರೆಗೆ ಹೊರುತ್ತೇವೆ. ಒಳಗಿರುವವರಿಗೆ ಜೀವವಿದ್ದರೆ ದಾರಿಯುದ್ದಕ್ಕೂ ಹಾಡುತ್ತೇವೆ. ಹೋಗಿಬಿಟ್ಟಿದ್ದರೆ ಬಾಯಿ ಮುಚ್ಚಿಕೊಂಡು ಬರುತ್ತೇವೆ. ಹಾಡು ಎತ್ತಿಕೊಡುವವನು ನಾನು, ತಿಬೆಸಿಗ್ವ. ನನ್ನ ಗಂಟಲು ಕಾಡಿನ ಕೋತಿಗಳಿಗೂ ಬೇಸರ ತರಿಸಿದೆ ಎಂದು ಜನ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ, ನನ್ನಷ್ಟು ದೂರ ಕೇಳುವಂತೆ ಹಾಡುವವರು ಈ ಕಣಿವೆಯಲ್ಲಿ ಇನ್ನೊಬ್ಬರಿಲ್ಲ.

ಈಗೀಗ ಅದೇ ಡೋಲಿಯಲ್ಲಿ ಪ್ರವಾಸಿಗರನ್ನೂ ಹೊರುತ್ತೇವೆ. ಗೊರಿಲ್ಲಾ ನೋಡಲು ಬಂದು, ಬ್ವಿಂಡಿ ಕಾಡಿನ ಮೊದಲ ಏರಿನಲ್ಲೇ ಮೊಣಕಾಲು ಕೈಕೊಟ್ಟವರಿಗೆ ಅದು ಹೆಲಿಕಾಪ್ಟರ್. ಆ ದಿನ ಬಂದವಳು ದಪ್ಪನೆಯ ಬಿಳಿ ಅಜ್ಜಿ. ರಾಜಧಾನಿ ಕಂಪಾಲಾದ ಪೇಟೆ ಸುತ್ತಿ, ಬಯಲಿನಲ್ಲಿ ಸಿಂಹ ನೋಡಿ, ಕೊನೆಗೆ ನಮ್ಮ ಹೆಗಲೇರಿದ್ದಳು. ಒಳ್ಳೆಯವಳೇ. ಹತ್ತುವಾಗ ನಮ್ಮ ಹಾಡಿಗೆ ಚಪ್ಪಾಳೆ ತಟ್ಟಿದಳು.

ಗೊರಿಲ್ಲಾಗಳನ್ನು ಹುಡುಕಿಕೊಡುವುದು ನನ್ನ ಅಣ್ಣ ಬಶೈಜನ ಕೆಲಸ. ಬೆಳಗಾಗುತ್ತಲೇ ಕಾಡು ಹೊಕ್ಕು, ಅವು ರಾತ್ರಿ ಮಲಗಿದ್ದ ಗೂಡುಗಳಿಂದ ಜಾಡು ಹಿಡಿಯುತ್ತಾನೆ. ಹಿಂದಿನ ವಾರ ಗುಂಪಿನ ಹಿರಿಯ ಗಂಡು ಅವನ ಕಾಲು ಹಿಡಿದು ಪೊದೆಯೊಳಕ್ಕೆ ಎಳೆದಾಡಿತ್ತು. ಅಂದಿನಿಂದ ಅವ್ವನ ಜೀವದಲ್ಲಿ ಜೀವವಿರಲಿಲ್ಲ. ಹೋಗಬೇಡ ಎಂದು ಅವನ ಸಮವಸ್ತ್ರವನ್ನೇ ಬಚ್ಚಿಟ್ಟಳು. ಅವನು ಹುಡುಕಿ ಹಾಕಿಕೊಂಡು ಹೋದ. ಅವ್ವನ ಜೊತೆ ಇದ್ದು, ಅವಳ ಗೆಣಸಿನ ಹೊಲ ಅಗೆದು, ಸೋರುವ ಮಾಡು ಸರಿಪಡಿಸುವವನು ನಾನು. ಹೋಗುವುದು ನಾನೂ ಅದೇ ಕಾಡಿಗೆ. ನನ್ನ ಅಂಗಿಯನ್ನು ಯಾರೂ ಬಚ್ಚಿಡಲಿಲ್ಲ. ದೊಡ್ಡ ಮಗನಲ್ಲವೇ ಎಂದುಕೊಂಡು ಸುಮ್ಮನಾಗಿದ್ದೆ.

ಗೊರಿಲ್ಲಾ ನೋಡಿ ಇಳಿಯುವಾಗ ಮಳೆ ಹಿಡಿಯಿತು. ಅಜ್ಜಿಗೆ ತಲೆನೋವು. ಮಳೆಯ ಹೊದಿಕೆಯನ್ನು ಮುಖದ ಮೇಲೂ ಎಳೆದುಕೊಂಡು ಮಲಗಿಬಿಟ್ಟಳು. ಹಾಡು ನಿಲ್ಲಿಸಿ ಎಂದು ಗೈಡ್ ಅರಿನೈತ್ವೆ ಸನ್ನೆ ಮಾಡಿದ. ಹಿಂದಿನ ಕೋಲು ಹೊತ್ತಿದ್ದವನು, ಇದೇನೋ ಹೆಣ ಹೊತ್ತ ಹಾಗಾಯಿತಲ್ಲ ಎಂದು ಗೊಣಗಿದ. ನಿನ್ನ ಹೆಂಡತಿ ಮಾಡಿದ ಸಾರು ಉಂಡವನಿಗೆ ಇದೆಲ್ಲ ಯಾವ ಲೆಕ್ಕ ಎಂದು ನಾನು ರೇಗಿಸಿದೆ. ಎಲ್ಲರೂ ಸದ್ದಿಲ್ಲದೆ ನಕ್ಕರು. ಅಣ್ಣ ಜೊತೆಗಾರರೊಂದಿಗೆ ತುಸು ಹಿಂದೆ ಬರುತ್ತಿದ್ದ.

ನೀರಿನ ಒರತೆಯ ತಿರುವಿನಲ್ಲಿ ಅವ್ವ, ನೆರೆಯ ಹೆಂಗಸರ ಜೊತೆ ಹೊಲ ಅಗೆಯುತ್ತಿದ್ದಳು. ಅವಳ ಕಣ್ಣಿಗೆ ಬಿದ್ದದ್ದು ಮುಖ ಮುಚ್ಚಿ ಮಲಗಿಸಿದ ಡೋಲಿ, ಮುಂದಿನ ಕೋಲು ಹೊತ್ತು ಬಾಯಿ ಬಿಡದೆ ಇಳಿಯುತ್ತಿರುವ ನಾನು. ಕಾಡಿಗೆ ಹೋದವರು ಇಬ್ಬರು ಮಕ್ಕಳು. ಒಬ್ಬ ಕಾಲ ಮೇಲೆ ಬರುತ್ತಿದ್ದಾನೆ. ಗುದ್ದಲಿ ಬಿಸಾಡಿ, ತಲೆಯ ಮೇಲೆ ಕೈ ಹೊತ್ತು ಓಡಿ ಬಂದಳು. ಅಣ್ಣನಲ್ಲ ಎಂದು ಹೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ ಅವಳ ಗೋಳು ಶುರುವಾಗಿತ್ತು.

"ದೇವರೇ, ಒಬ್ಬನನ್ನ ತಗೊಂಡೇ ತೀರ್ತೀನಿ ಅಂತಿದ್ರೆ ಇವನನ್ನ ತಗೋಬಾರದಿತ್ತೇ? ಇವನು ಇದ್ದು ಏನಾಗ್ಬೇಕಿತ್ತು? ನನ್ನ ಬಶೈಜನ್ನ ಯಾಕೆ ಮಲಗಿಸ್ದೆ?"

ಇವನು ಎಂದಾಗ ಅವಳ ಬೆರಳು ನನ್ನ ಎದೆಗೆ ತಾಕಿತು. ನನ್ನ ಮುಖ ನೋಡಿಕೊಂಡೇ ಅಂದಳು. ಹೆಗಲ ಮೇಲೆ ಕೋಲಿದೆ ಎನ್ನುವುದೂ ಮರೆತುಹೋಯಿತು.

ಡೋಲಿ ವಾಲಿತು. ಹೊದಿಕೆ ಸರಿಸಿ ಬಿಳಿ ಅಜ್ಜಿ ಎದ್ದು ಕುಳಿತಳು. ಹೆಂಗಸರು ಕಿರುಚಿಕೊಂಡು ಗೆಣಸಿನ ಬಳ್ಳಿ ತುಳಿದು ಓಡಿದರು, ಒಬ್ಬಳು ಜಾರಿ ಬಿದ್ದಳು. ಅಷ್ಟರಲ್ಲಿ ಅಣ್ಣ ಸುಟ್ಟ ಜೋಳದ ತೆನೆ ಕಡಿಯುತ್ತ ತಿರುವಿನಲ್ಲಿ ಕಾಣಿಸಿಕೊಂಡ. ಅವ್ವ ಅವನನ್ನು ಬಾಚಿ ತಬ್ಬಿದಳು, ಗುದ್ದಿದಳು, ಅಳುತ್ತಲೇ ನಕ್ಕಳು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಗಬೇಕೆಂದು ಹಲ್ಲು ಬಿಟ್ಟೆ, ನಗು ಬರಲಿಲ್ಲ.

ಆ ಮುದುಕಿ ಏನೆಂದಳು ಎಂದು ಬಿಳಿ ಅಜ್ಜಿ ಕೇಳಿದಳು. ಅರಿನೈತ್ವೆ ನನ್ನ ಕಡೆ ನೋಡಿ, ನಿಮಗೆ ಸ್ವಾಗತ ಹೇಳಿದಳು ಎಂದ. ಅಜ್ಜಿ ಎದೆಯ ಮೇಲೆ ಕೈಯಿಟ್ಟು ಅವ್ವನಿಗೆ ತಲೆಬಾಗಿದಳು.

ನಮ್ಮೂರಲ್ಲಿ ಸಾವಿನ ಗೋಳಿನಲ್ಲಿ ಆಡಿದ ಮಾತನ್ನು ಆಮೇಲೆ ಯಾರೂ ಎತ್ತುವುದಿಲ್ಲ. ದುಃಖಕ್ಕೆ ನಾಲಿಗೆ ಎಲ್ಲೆಲ್ಲೋ ಹರಿಯುತ್ತದೆ, ಸತ್ತವರ ಜೊತೆ ಅದೂ ಮಣ್ಣಾಗಬೇಕು. ಆದರೆ ಆ ದಿನ ಸತ್ತವರು ಯಾರು? ಆ ಮಾತನ್ನು ಎಲ್ಲಿ ಹೂಳುವುದು? ಹಾಳು ತಲೆನೋವು, ಹಾಳು ಮಳೆ ಎಂದು ಶಪಿಸುತ್ತ ಮನೆಗೆ ಬಂದೆ. ಭಯಕ್ಕೆ ಬಾಯಿಗೆ ಬಂದದ್ದು ಒದರಿದ್ದಾಳೆ, ಈಗ ಯಾಕೋ ಹಾಡಲಿಲ್ಲ ಕತ್ತೆ ಎಂದು ನನ್ನನ್ನೇ ಬೈಯುತ್ತಾಳೆ, ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಬೈಗುಳಕ್ಕೆ ಕಾದೆ.

ಅವ್ವ ಬೈಯಲಿಲ್ಲ. ಅಣ್ಣ ಉಳಿದನೆಂದು ಕೋಳಿ ಕೊಯ್ದಿದ್ದಳು. ನಮ್ಮ ಮನೆಯಲ್ಲಿ ಕೋಳಿಯ ತೊಡೆ ಹಿರಿಮಗನಿಗೆ. ಅಪ್ಪ ಹೋದಾಗಿನಿಂದ ಅದು ಬಶೈಜನ ತಟ್ಟೆ ಬಿಟ್ಟು ಬೇರೆಡೆ ಬಿದ್ದದ್ದಿಲ್ಲ. ಆ ಸಂಜೆ ಅವ್ವ ಎರಡು ತೊಡೆಯನ್ನೂ ನನ್ನ ತಟ್ಟೆಗೆ ಹಾಕಿದಳು. ರಾಗಿ ಮುದ್ದೆಯನ್ನೂ ದೊಡ್ಡದಾಗಿ ಮುರಿದಿಟ್ಟಳು. ಅಣ್ಣ ತಲೆ ತಗ್ಗಿಸಿ ಕುಳಿತಿದ್ದ.

"ತಿನ್ನಪ್ಪ," ಎಂದಳು, ನನ್ನ ಮುಖ ನೋಡದೆ.

ಒರತೆಯ ತಿರುವಿನಲ್ಲಿ ಆಡಿದ ಆ ಮಾತು ಬಾಯ್ತಪ್ಪಿ ಬಂದದ್ದಲ್ಲ ಎಂದು ನನಗೆ ಗೊತ್ತಾದದ್ದು ಆಗ.